ಕೆಳಮನೆಯವರ ಚೀಟಿ

ನಮ್ಮ ಮೊಮ್ಮಗಳು ಸದ್ದೇ ಮಾಡುವುದಿಲ್ಲ ಎಂದು ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ನನ್ನ ಬಾಯಿಗೆ ಬೆಂಕಿ ಬೀಳಲಿ. ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದೆನಲ್ಲ, ಜಪಾನಿನ ನಗೋಯಾದ ಆ ಎರಡು ಕೋಣೆಯ ಮನೆಯಲ್ಲಿ ಆರು ವರ್ಷದ ವಿಶ್ರುತ ಬೆಕ್ಕಿನ ಹಾಗೆ ನಡೆಯುತ್ತಿದ್ದಳು. ಕುರ್ಚಿಯ ಕಾಲುಗಳಿಗೂ ಸಾಕ್ಸ್ ತೊಡಿಸಿದ್ದರು. "ಇಲ್ಲಿ ಗೋಡೆ ತೆಳು ಅಮ್ಮ, ಸ್ವಲ್ಪ ಸದ್ದಾದ್ರೂ ಕೆಳಮನೆಯವರು ಚೀಟಿ ಬರೆದು ಬಾಗಿಲ ಸಂದಿಗೆ ಹಾಕ್ತಾರೆ" ಎಂದು ಮಗ ಸುದರ್ಶನ ಹೇಳುತ್ತಿದ್ದ. ಎಂಥ ಶಿಸ್ತಿನ ದೇಶ ಎಂದು ನಾನೂ ತಲೆದೂಗಿದ್ದೆ.

ಮೂರು ವರ್ಷದ ಮೇಲೆ ಹದಿನೈದು ದಿನ ರಜೆ ಹಾಕಿ ಮೂವರೂ ಬಂದರು. ಗುರುವಾರ ವಾಪಸು ವಿಮಾನ. ಮಂಗಳವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಹಾಲ್‌ನಲ್ಲಿ ಸೊಸೆ ಅಪರ್ಣಾ ಮೆಲ್ಲಗೆ ಹೇಳಿದ್ದು ಕೇಳಿಸಿತು: "ನಾನು ಬರುದಿಲ್ಲ. ನಾನು, ವಿಶ್ರುತ ಇಲ್ಲೇ ಇರ್ತೇವೆ. ನಮ್ಮ ಪಾಸ್‌ಪೋರ್ಟ್ ಕೊಡಿ."

ಅದರ ಬೆನ್ನಿಗೇ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಒಂದು ಸದ್ದು. ಮತ್ತೊಂದು.

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಸುದರ್ಶನ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಇನ್ನೊಂದು ಕೈಯಿಂದ ಪಕ್ಕೆಗೆ ಗುದ್ದುತ್ತಿದ್ದ. ಅವಸರವಿಲ್ಲ, ಬೈಗುಳವಿಲ್ಲ. ಮುಖಕ್ಕೆ ಒಂದೂ ಇಲ್ಲ, ಬಟ್ಟೆಯೊಳಗೆ ಮುಚ್ಚಿಹೋಗುವ ಜಾಗಕ್ಕೇ ಎಲ್ಲ. ಅವಳು ಕಚ್ಚಿ ಹಿಡಿದ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿದಿತ್ತು. ಆದರೂ ಹುಡುಗಿ ಕಿರುಚಲಿಲ್ಲ.

ಮಗುವಿನ ಕಡೆ ತಿರುಗಿದೆ. ವಿಶ್ರುತ ಅಳಲಿಲ್ಲ, ಓಡಿಹೋಗಲಿಲ್ಲ. ದಿನಾ ಮಾಡುವ ಕೆಲಸವೆಂಬಂತೆ ಎದ್ದು ಹಾಲ್‌ನ ಕಿಟಕಿಗಳನ್ನು ಒಂದೊಂದಾಗಿ ಎಳೆದು ಮುಚ್ಚಿದಳು. ಬಚ್ಚಲಿನಿಂದ ಕೈ ಒರೆಸುವ ಟವೆಲ್ ತಂದು, ಮಡಚಿ, ಅಮ್ಮನ ಬಾಯಿಯ ಹತ್ತಿರ ಹಿಡಿದಳು. ಅಪರ್ಣಾ ಅದನ್ನು ಕಚ್ಚಿಕೊಂಡಳು. ಮಗು ನನ್ನ ಕಡೆ ತಿರುಗಿ ತುಟಿಗೆ ಬೆರಳಿಟ್ಟಿತು. "ಶ್... ಅಜ್ಜಿ, ಕೆಳಗಿನವ್ರು ಚೀಟಿ ಬರೀತಾರೆ."

ನನ್ನ ಗಂಡ ಪುಂಡರೀಕಾಕ್ಷರೂ ಹೊಡೆಯುತ್ತಿದ್ದರು, ಸುಳ್ಳೇಕೆ ಹೇಳಲಿ. ಆದರೆ ಆಗ ನಾವಿದ್ದದ್ದು ಒಂಟಿ ಕೋಣೆಗಳ ಸಾಲಿನ ಚಾಳಿನಲ್ಲಿ. ಮೊದಲ ಏಟಿಗೇ ನಾನು ಬೊಬ್ಬೆ ಹೊಡೆದರೆ ಹನ್ನೆರಡು ಬಾಗಿಲು ತೆರೆಯುತ್ತಿದ್ದವು, ಎರಡನೆಯದು ಬೀಳುತ್ತಿರಲಿಲ್ಲ. ಇವಳಿಗೆ ಆ ಬೊಬ್ಬೆಯನ್ನೂ ಇವನು ಉಳಿಸಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು!

"ಬಿಡೋ ಅವಳನ್ನು!"

"ಅಮ್ಮ, ನೀನು ಒಳಗೆ ಹೋಗು. ಇದು ನಮ್ಮಿಬ್ಬರ ಮ್ಯಾಟರ್" ಎಂದ, ದನಿ ಏರಿಸದೆ. ಮತ್ತೆ ಮೊಣಕೈ ಹಿಂದಕ್ಕೆಳೆದ.

ಲಟ್ಟಣಿಗೆ ನನ್ನ ಕೈಯಲ್ಲೇ ಇತ್ತು. ಬೀಸಿದೆ. ಗುದ್ದುತ್ತಿದ್ದ ಕೈಯ ಮಣಿಕಟ್ಟಿಗೆ ಬಿತ್ತು. ಮೂಳೆ ಲಟಕ್ಕೆಂದಿದ್ದು ನನಗೂ ಕೇಳಿಸಿತು. ಅವನು ಜಡೆ ಬಿಟ್ಟು ಆ ಕೈಯಿಂದಲೇ ನನ್ನನ್ನು ನೂಕಿದ. ಟೀಪಾಯಿಯ ಅಂಚು ಹಣೆಗೆ ಬಡಿದು ಕಣ್ಣೊಳಗೆ ರಕ್ತ ಇಳಿಯಿತು. ಬಿದ್ದಲ್ಲಿಂದಲೇ ಅವನ ಮೊಣಕಾಲಿಗೆ ಮತ್ತೊಂದು ಕೊಟ್ಟೆ. ಕುಸಿದ. ಎದ್ದು ಹೆಗಲಿಗೆ ಇನ್ನೊಂದು. ಆ ಕೈಗೆ ಹಾಲಿನ ಲೋಟ ಹಿಡಿಯಲು ಕಲಿಸಿದವಳು ನಾನು. ಮರುಕ ಬರಲಿಲ್ಲ, ನಾಚಿಕೆ ಬಂತು.

ಆಮೇಲೆ ಮುಂಬಾಗಿಲು ತೆರೆದೆ. ಮಗು ಮುಚ್ಚಿದ್ದ ಮೂರು ಕಿಟಕಿಗಳನ್ನೂ ದಢಾರನೆ ಎಳೆದೆ. ರಿಕ್ಷಾಗಳ ಹಾರ್ನ್, ಕೆಮಿಕಲ್ ಕಾರ್ಖಾನೆಗಳ ವಾಸನೆ ಒಟ್ಟಿಗೇ ಒಳಗೆ ನುಗ್ಗಿದವು.

"ಕಿರುಚು ಅಪರ್ಣಾ" ಎಂದೆ.

ಅವಳು ಟವೆಲ್ ತೆಗೆದು ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಹಾಗಾಗಿ ನಾನೇ ಹೊಡೆದೆ, ಅದೇ ಚಾಳಿನ ಬೊಬ್ಬೆ: "ಬನ್ನಿ! ನನ್ನ ಸೊಸೆಯನ್ನು ಕೊಲ್ತಿದ್ದಾನೆ! ಧಾವಾ, ಧಾವಾ! ಓಡಿ ಬನ್ನಿ!"

"ಅಮ್ಮ, ಮರ್ಯಾದೆ..." ಸುದರ್ಶನ ಕೈ ಹಿಡಿದುಕೊಂಡು ನೆಲದಲ್ಲಿ ನರಳಿದ.

ವಿಶ್ರುತ ಕಿವಿ ಮುಚ್ಚಿಕೊಂಡು ಬಾಗಿಲನ್ನೇ ನೋಡುತ್ತ ನಿಂತಿದ್ದಳು, ಈಗ ಚೀಟಿ ಬರುತ್ತದೆ ಎಂದು. ಚೀಟಿ ಬರಲಿಲ್ಲ. ಕೆಳಮನೆಯ ಹುಲಗಪ್ಪನೇ ಬಂದ. ಎಂಐಡಿಸಿಯ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿದ್ದವನು ಬನಿಯನ್ನಿನಲ್ಲಿ, ಬರಿಗಾಲಲ್ಲಿ ಓಡಿ ಬಂದಿದ್ದ. ಅವನ ಹಿಂದೆ ಮೆಟ್ಟಿಲು ತುಂಬ ಜನ.

"ಏನಾತ್ರಿ ಪ್ರಭಕ್ಕಾರ? ಯಾರು ಬಡದ್ರು?"

"ಕುಛ್ ನಹೀ ಅಂಕಲ್, ಅಮ್ಮ ಜಾರಿ ಬಿದ್ದದ್ದು" ಎಂದ ಸುದರ್ಶನ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪರ್ಣಾ ನನ್ನ ಕೈ ಹಿಡಿದು ತಡೆದಳು. ಬಾಯಲ್ಲಿದ್ದ ರಕ್ತ ಉಗುಳಿದಳು.

"ಇವರು ಹೊಡೆದದ್ದು." ಮೊದಲು ಪಿಸುಮಾತು. ಮತ್ತೆ, ಕಿಟಕಿ ದಾಟಿ ರಸ್ತೆಗೆ ಕೇಳುವ ಹಾಗೆ: "ಇವರು ನನಗೆ ಹೊಡೀತಾರೆ! ಮೂರು ವರ್ಷದಿಂದ ಹೊಡೀತಾರೆ! ನಮ್ಮ ಪಾಸ್‌ಪೋರ್ಟ್ ಆ ಕಪ್ಪು ಬ್ಯಾಗಿನಲ್ಲುಂಟು, ತೆಗೆದು ಕೊಡಿ!"

ಹುಲಗಪ್ಪ ಸುದರ್ಶನನನ್ನು ದಾಟಿ ಹೋಗಿ ಬ್ಯಾಗಿನ ಜಿಪ್ ಎಳೆದ.

ಮಗು ನಿಧಾನವಾಗಿ ಕಿವಿಯಿಂದ ಕೈ ತೆಗೆಯಿತು. ನನ್ನ ಸೆರಗು ಜಗ್ಗಿ ಪಿಸುಗುಟ್ಟಿತು: "ಅಜ್ಜಿ, ಅಮ್ಮನಿಗೆ ಇಷ್ಟು ದೊಡ್ಡ ಸ್ವರ ಉಂಟಾ?"

"ಉಂಟು ಮಗಾ. ನೀನೂ ಜೋರಾಗಿ ಮಾತಾಡು" ಎಂದೆ.