ಕೊರಳ ಮೇಲಿನ ನೇರಳೆ ಗೆರೆ

ಬೂದೆಮ್ಮ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಕಿವುಚಿ, ಹಳೆಯ ಧೋತರದ ತುಂಡಿನಲ್ಲಿ ಸೋಸುತ್ತಿದ್ದಳು. ಗೋಡೆಗೊರಗಿದ್ದ ಗಂಡ ಸಿದ್ದರಾಮಪ್ಪ ಆ ಬಟ್ಟೆಯನ್ನೇ ನೋಡುತ್ತಿದ್ದ. ಮಸರಕಲ್ಲಿನ ಅಡವಿಯಲ್ಲಿ ಅವನು ಕೂಗಿದರೆ ಗುಡ್ಡದಾಚೆಯ ಕುರಿ ತಿರುಗಿ ಬರುತ್ತಿತ್ತು. ಈಗ ಅದೇ ಕೊರಳಲ್ಲಿ ಒಂದು ಗುಟುಕು ಇಳಿಯಬೇಕಾದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಕೊರಳ ಹುಣ್ಣಿಗೆ ಹೈದರಾಬಾದಿನ ದವಾಖಾನೆಯಲ್ಲಿ ಕರೆಂಟಿನ ಬೆಳಕು ಬಿಡುತ್ತಿದ್ದರು. ಚರ್ಮ ಸುಟ್ಟ ಬದನೆಕಾಯಿಯಾಗಿತ್ತು. ಏನು ತಿಂದರೂ ಬೂದಿ ತಿಂದಂತೆ. ಸುಟ್ಟದ್ದು ಸ್ವಲ್ಪ ಮಾಯಲೆಂದು ಕೆಲವು ದಿನದ ಮಟ್ಟಿಗೆ ಕಳಿಸುವಾಗ ಡಾಕ್ಟರು ಹುಣ್ಣಿನ ಸುತ್ತ ತಾವು ಎಳೆದ ನೇರಳೆ ಗೆರೆ ತೋರಿಸಿ, ಬೆಳಕು ಬೀಳುವ ಜಾಗ ಇದು, ಅಳಿಸಬಾರದು, ಸೋಮವಾರ ಬರದಿದ್ದರೆ ಹುಣ್ಣು ಮತ್ತೆ ಬೆಳೆಯುತ್ತದೆ ಎಂದಿದ್ದರು. ಅವರ ಉರ್ದುವನ್ನು ಕನ್ನಡ ಮಾಡಿ ಹೇಳಿದ್ದು ಜೊತೆಗೆ ಬಂದಿದ್ದ ಅಮೀರ್ ಸಾಬ್, ಗಂಡಹೆಂಡತಿ ಈಗ ಇಳಿದುಕೊಂಡಿದ್ದ ರಾಯಚೂರಿನ ಈ ಮನೆಯ ಮಾಲೀಕ. ಆತ ಈಗ ಮಾನ್ವಿಯಲ್ಲಿ ಜ್ವರ ಬಂದು ಮಲಗಿದ್ದ.

ಭಾನುವಾರ ಮೈದುನ ರಾಮಲಿಂಗಪ್ಪ ದೇವದುರ್ಗದಿಂದ ಗೆಳೆಯರನ್ನು ಕಟ್ಟಿಕೊಂಡು ಬಂದ. ಎಲ್ಲಿಗೆ ಹೋದರೂ ಮೊದಲು ಅವನ ಮೀಸೆ ಹೋಗಿ ಕೂರುತ್ತಿತ್ತು, ಆಮೇಲೆ ಅವನು.

"ನನಗ ಹೇಳಿದ್ರ ನಾನಽ ಕರಕೊಂಡು ಹೋಗ್ತಿದ್ದೆ ಬಿಡು. ತಹಸೀಲ್ದಾರ್ ಸಾಹೇಬ್ರ ಕೂಡ ಉರ್ದುದಾಗ ಮಾತಾಡಾಂವ ನಾನು," ಎಂದವನು ಅಣ್ಣನ ಕೊರಳು ನೋಡಿ ನಕ್ಕ. "ಅತ್ತಿಗೀ, ಕಟುಗರು ಕೊಂಡ ಕುರಿಗೆ ಹಿಂಗಽ ಬಣ್ಣ ಬಳೀತಾರಲ್ಲ! ಅಣ್ಣನ್ನ ಯಾರಿಗೆ ಮಾರಿ ಬಂದಿ?"

"ನಿನ್ನ ಮೀಸಿಗೆ ಬಳದ್ರ ಪುಕ್ಕಟೆ ಕೊಟ್ರೂ ಯಾರೂ ಒಯ್ಯಂಗಿಲ್ಲ, ಸುಮ್ಮನ ಕೂಡು."

ಗೆಳೆಯರು ಅದಕ್ಕೂ ನಕ್ಕರು. ಸಿದ್ದರಾಮಪ್ಪ ನಗಲಿಲ್ಲ. ಅವನ ಕೈ ಕೊರಳಿಗೆ ಹೋಯಿತು. ಬಣ್ಣ ಬಿದ್ದ ಕುರಿ ಹಟ್ಟಿಗೆ ಮರಳಿದ್ದನ್ನು ಅವನು ಕಂಡಿರಲಿಲ್ಲ.

ಬೂದೆಮ್ಮ ಆಡಿನ ಹಾಲು ತರಲು ಹೋಗಿ ಬರುವಷ್ಟರಲ್ಲಿ ಗೆರೆ ಇರಲಿಲ್ಲ. ಎಣ್ಣೆ ಹಚ್ಚಿ ಒರೆಸಿ, ಸುಟ್ಟ ಚರ್ಮದ ಮೇಲೆ ದೇವರ ಭಂಡಾರದ ಪುಡಿ ಮೆತ್ತಿದ್ದರು. ಗಂಡ ಅರಿಶಿನದ ಮದುಮಗನಂತೆ ಹಳದಿಯಾಗಿ ಉರಿಗೆ ಹಲ್ಲು ಕಚ್ಚಿ ಕೂತಿದ್ದ.

"ಈಗ ಅಣ್ಣ ದೇವರ ಕುರಿ," ಎಂದ ರಾಮಲಿಂಗಪ್ಪ.

"ನಾನಽ ಒರಸು ಅಂದೆ," ಗಂಡನ ಪಿಸುಮಾತು ಬಂತು. "ಅಂಜಿಕಿ ಬಂತು, ಬೂದೆಮ್ಮ."

ಅವಳು ಹಾಲಿನ ತಂಬಿಗೆ ಕೆಳಗಿಟ್ಟಳು. "ದೊಡ್ಡ ವೈದ್ಯ ಬಂದ ನೋಡು! ಬೆಳಕು ಎಲ್ಲಿ ಬಿಡಬೇಕು ಅಂತ ಕೇಳಿದ್ರ ನಿನ್ನ ಭಂಡಾರ ಉರ್ದುದಾಗ ಹೇಳ್ತದೇನು?"

ರಾಮಲಿಂಗಪ್ಪನ ಮೀಸೆ ಮೊದಲ ಸಲ ಕೆಳಗಿಳಿಯಿತು. ಗೆಳೆಯರಿಗೆ ಮಾಳಿಗೆಯ ತೊಲೆಗಳಲ್ಲಿ ಏನೋ ಕಂಡಿತು.

ಬೂದೆಮ್ಮ ಒದ್ದೆ ಅರಿವೆಯಿಂದ ಗಂಡನ ಕೊರಳಿನ ಹಳದಿಯನ್ನು ಮೆಲ್ಲಗೆ ಒತ್ತಿ ತೆಗೆದಳು. ಸೋಸಿದ ಗಂಜಿಯನ್ನು ಗಡಿಗೆಗೆ ಹಾಕಿ ಬಾಯಿ ಕಟ್ಟಿದಳು. ಆಮೇಲೆ ಕೊಂಕು ಬಿಟ್ಟು ಕೇಳಿದಳು.

"ರಾಮಲಿಂಗಾ, ಗೆರಿ ಎಲ್ಲಿತ್ತು ಅಂತ ನನಗ ಗೊತ್ತದ, ಹೇಳಾಕ ಉರ್ದು ಬರಂಗಿಲ್ಲ. ಸಂಜಿ ಗಾಡಿಗೆ ನಮ್ಮ ಜೊತಿ ಬಾ."

"ನನ್ನ ಉರ್ದು ಸಲಾಮಿನ ತನಕ ಅಷ್ಟಽ, ಅತ್ತಿಗೀ," ಎನ್ನುತ್ತ ರಾಮಲಿಂಗಪ್ಪ ಬಾಗಿಲ ಬಳಿ ಬಗ್ಗಿ ತನ್ನ ಕಾಲಿನ ಕೆರ ಹುಡುಕುತ್ತಿದ್ದ.