ದೂರು ಬಾರದ ಕಾರ್ಯಕ್ರಮ

ಬೆಳಗಿನ ಐದೂವರೆಗೆ ಸರ್ಕಾರಿ ರೇಡಿಯೋದಲ್ಲಿ ಮೀನುಗಾರರಿಗೆ ಗಾಳಿ, ಅಲೆಗಳ ಮುನ್ಸೂಚನೆ ಓದುವವರನ್ನು ಕಚೇರಿಯಲ್ಲಿ ಎಲ್ಲರೂ ಗಾಳಿರಾಯರು ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಓದಿದರು, ಒಂದು ಅಂಕಿ ತಪ್ಪಲಿಲ್ಲ. ಅದೇ ಅವರ ಕುತ್ತಿಗೆಗೆ ಬಂತು.

ಸರ್ಕಾರದ ಅನುದಾನ ವರ್ಷವರ್ಷವೂ ಸೊರಗುತ್ತಿತ್ತು. ಯಾವುದಕ್ಕೆ ಕತ್ತರಿ ಎಂದು ಹೇಳುವುದು ನಿಯಂತ್ರಣ ಮಂಡಳಿ. ಕೇಳುಗರಿದ್ದಾರೋ ಇಲ್ಲವೋ ಎಂದು ಊರೂರು ತಿರುಗಿ ವಿಚಾರಿಸಲು ಆ ದೊಡ್ಡವರಿಗೆ ಪುರುಸೊತ್ತೆಲ್ಲಿ? ಕೂತಲ್ಲೇ ದೂರುಗಳನ್ನು ಎಣಿಸಿದರು. ದೂರು ಬಂದಿದ್ದರೆ ಕೇಳುಗರಿದ್ದಾರೆ, ಬಾರದಿದ್ದರೆ ಇಲ್ಲ. ಚಿತ್ರಗೀತೆಗಳ ಮೇಲೆ ಮುನ್ನೂರು ದೂರುಗಳಿದ್ದವು. ರಾಯರ ಮೇಲೆ ಒಂದೂ ಇರಲಿಲ್ಲ.

ದೂರು ವಿಭಾಗದ ಗುಮಾಸ್ತೆ, ಬಾಯಿ ಜೋರಾದರೂ ಮನಸ್ಸು ಮೆತ್ತಗಿನ ಹೆಂಗಸು, ಟೀ ಲೋಟ ಹಿಡಿದು ಬಂದಳು.

"ಸಾರ್, ಗಾಳಿ ಇಲ್ಲದ ದಿನ ನೋಡಿ ಬಿರುಗಾಳಿ ಅಂತ ಓದ್ಬಿಡಿ. ಯಾರೂ ಸಾಯಲ್ಲ. ಸಂಜೆಯೊಳಗೆ ನೂರು ದೂರು ಬರುತ್ತೆ, ನಿಮ್ಮ ಕಾರ್ಯಕ್ರಮ ಉಳಿಯುತ್ತೆ."

"ಆಮೇಲೆ ನಿಜವಾದ ಬಿರುಗಾಳಿ ಬಂದಾಗ ನನ್ನ ಮಾತು ಯಾರಮ್ಮ ನಂಬ್ತಾರೆ?"

ಆಸೆಯಾಗಲಿಲ್ಲವೆಂದಲ್ಲ. ನಾಲಿಗೆ ಹೊರಳಲಿಲ್ಲ, ಅಷ್ಟೇ.

ಮಂಡಳಿಯ ಕತ್ತರಿ ಬಿತ್ತು; ಒಂದನೇ ತಾರೀಖು ಐದೂವರೆಗೆ ಮುನ್ಸೂಚನೆಯ ಬದಲು ಚಿತ್ರಗೀತೆ ಬಂತು. ಐದು ನಿಮಿಷ ಕಳೆಯುವುದರೊಳಗೆ ಫೋನು ಬಡಿದುಕೊಳ್ಳತೊಡಗಿತು. ಹನ್ನೊಂದರ ಹೊತ್ತಿಗೆ ನಾನೂರು ದೂರು! ಗುಮಾಸ್ತೆ ಸಂಭ್ರಮದಿಂದ ದೂರಿನ ಪುಸ್ತಕ ಎದೆಗವಚಿಕೊಂಡು ಮಂಡಳಿಗೆ ಓಡಿದಳು. ಮುಖ ಸಪ್ಪಗೆ ಮಾಡಿಕೊಂಡು ವಾಪಸು ಬಂದಳು.

"ಪ್ರಸಾರದಲ್ಲಿಲ್ಲದ ಕಾರ್ಯಕ್ರಮದ ದೂರು ಎಣಿಕೆಗೆ ಬರಲ್ಲವಂತೆ ಸಾರ್. ಇವರ ಮನೆ ಹಾಳಾಗ!"

ರಾಯರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಮಧ್ಯಾಹ್ನ ಕಿಟಕಿಯ ಬಾಗಿಲುಗಳು ಪಟಪಟ ಹೊಡೆದುಕೊಂಡವು. ಆಗಲೇ ಫೋನು ಬಂತು. ಹೆಂಡತಿಯ ತಮ್ಮ, ಕಡಲ ದಂಡೆಯಲ್ಲಿ ಮೀನಿನ ಮಂಡಿ ನಡೆಸುವವನು.

"ಭಾವ, ಇಲ್ಲಿ ಗಾಳಿ ಜೋರಾಗ್ತಿದೆ. ನಮ್ಮ ಹುಡುಗರು, ನನ್ನ ಮಗನೂ ಸೇರಿ, ಬೆಳಿಗ್ಗೆನೇ ಕಡಲಿಗೆ ಇಳಿದುಬಿಟ್ರು."

"ಮುನ್ಸೂಚನೆ ಕೇಳದೆ ಯಾಕೋ ಇಳಿದ್ರು?"

"ಕೇಳಿದ್ರಲ್ಲ! ರೇಡಿಯೋ ಹಾಕ್ಕೊಂಡು ಕಾದ್ರು. ನೀವು ಬರ್ಲಿಲ್ಲ. ಅಪಾಯ ಏನಾದ್ರೂ ಇದ್ದಿದ್ರೆ ನೀವು ಹೇಳದೆ ಇರ್ತಿರ್ಲಿಲ್ಲ ಅಂದ್ಕೊಂಡು ಹೊರಟ್ರು."

ರಾಯರು ಹವಾಮಾನ ಕಚೇರಿಗೆ ಫೋನು ಮಾಡಿದರು. ಗಂಟೆಗೆ ಅರವತ್ತು ಕಿಲೋಮೀಟರ್, ನೈಋತ್ಯದಿಂದ, ಅಲೆ ಮೂರೂವರೆ ಮೀಟರ್. ಅಭ್ಯಾಸಬಲದಿಂದ ಬರೆದುಕೊಂಡರು, ಗಂಟಲು ಸರಿಮಾಡಿಕೊಂಡರು. ಸ್ಟುಡಿಯೋದ ಗಾಜಿನಾಚೆ ಯಾರೋ ಯಾರದೋ ಮೆಚ್ಚಿನ ಹಾಡು ಹಾಕುತ್ತಿದ್ದರು.