ಬೆನ್ನ ಹಿಂದೆ ಕೂತವಳ ನೋಟಬುಕ್ಕು

ಯಾರಾದರೂ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ನಾನು ಮಾಡುವ ಕೆಲಸ ನೋಡಿ ನೋಡಿ ಬರೆದುಕೊಂಡರೆ, ಅವರು ನನ್ನ ಒಳ್ಳೆಯದಕ್ಕೆ ಬಂದವರು ಎಂದು ನಾನು ನಂಬುವುದಿಲ್ಲ. ನೀವೂ ನಂಬುವುದಿಲ್ಲ ಬಿಡಿ. ಹತ್ತೊಂಬತ್ತು ವರ್ಷ ನೀರಾವರಿ ಸಂಘದ ಆಫೀಸಿನಲ್ಲಿ ಗುಮಾಸ್ತಳಾಗಿ ಕೂತವಳಿಗೆ ಇಷ್ಟಾದರೂ ಬುದ್ಧಿ ಇರಬೇಕು.

ನಮ್ಮ ಸಂಘವೆಂದರೆ ಮೂಡಲಗಿಯಿಂದ ಅರಭಾವಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕದ ಎರಡು ಕೋಣೆಯ ಕಟ್ಟಡ. ಅರವತ್ತೆರಡು ಹೊಲಗಳಿಗೆ ನೀರಿನ ಪಾಳಿ ಹಚ್ಚುವುದು, ಯಾರಿಗೆ ಯಾವ ದಿನ ಎಷ್ಟು ಹೊತ್ತಿಗೆ ನೀರು ಎಂದು ಕಂಪ್ಯೂಟರಿನಿಂದ ಚೀಟಿ ತೆಗೆದು ಕೊಡುವುದು ನನ್ನ ಕೆಲಸ. ನೌಕರಿ ಕಾಯಂ ಅಲ್ಲ. ಪ್ರತಿ ವರ್ಷ ಮಾರ್ಚಿನಲ್ಲಿ ಅಧ್ಯಕ್ಷ ವೀರಪ್ಪ ಕಾಕಾ ಒಂದು ಕಾಗದಕ್ಕೆ ಸಹಿ ಮಾಡಿದರೆ ಮುಂದಿನ ವರ್ಷ ಇದ್ದೇನೆ, ಇಲ್ಲದಿದ್ದರೆ ಇಲ್ಲ. ನಮ್ಮ ಮನೆ ನಡೆಯುವುದು ನನ್ನ ಪಗಾರದಲ್ಲಿ. ಹೀಗಾಗಿ ಜನವರಿ ಬಂತೆಂದರೆ ಬಾಗಿಲು ಸಪ್ಪಳವಾದರೂ ನನಗೆ ಅನುಮಾನ.

ಈ ಸಲದ ಜನವರಿಯಲ್ಲಿ ಬಾಗಿಲು ತಳ್ಳಿಕೊಂಡು ಬಂದವರು ಸ್ವತಃ ವೀರಪ್ಪ ಕಾಕಾ.

"ವಿಜಯಲಕ್ಷ್ಮಿ, ಹುಕ್ಕೇರಿಯಿಂದ ಕಂಪ್ಯೂಟರ್ ಕಲಸೂ ಬಾಯಾರು ಒಬ್ಬರು ಬರಾಕತ್ತಾರ. ನೀ ಕಂಪ್ಯೂಟರ್ ಹೆಂಗ ನಡಸ್ತಿ ಅಂತ ನೋಡ್ತಾರಂತ."

"ಯಾಕ್ರಿ ಕಾಕಾ? ನಾ ಏನ್ ತಪ್ಪ ಮಾಡೇನಿ?"

"ತಪ್ಪೇನಿಲ್ಲವ್ವಾ. ಆ ಪುಕ್ಕಟ ಸಿಸ್ಟಮ್ ಹಾಕಿ ಕೊಟ್ಟಾರಲ್ಲ, ಅದನ್ನ ಇನ್ನಷ್ಟ ಚಂದ ಮಾಡ್ತಾರಂತ, ಸಲೀಸ ಮಾಡ್ತಾರಂತ. ನೀ ಏನೂ ಮುಚ್ಚಿಡಬ್ಯಾಡ, ಎಲ್ಲಾ ತೋರಸು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಕಾ ಮುಚ್ಚಿಡಬೇಡ ಎಂದ ಕೂಡಲೇ ನನ್ನ ಕಣ್ಣು ಕಂಪ್ಯೂಟರಿನ ಪರದೆಯ ಮೇಲೆ ಹೋಯಿತು.

ಆ ಪುಕ್ಕಟೆ ಸಿಸ್ಟಮ್ಮಿನ ಕಥೆ ಇಷ್ಟು. ಎರಡು ವರ್ಷದ ಹಿಂದೆ ನಮ್ಮ ಹಳೇ ಕಂಪ್ಯೂಟರು, ದುಡ್ಡು ಕೊಟ್ಟು ತರುವ ಸಿಸ್ಟಮ್ಮಿನ ಭಾರ ತಡೆಯದೆ ಕೂತುಬಿಟ್ಟಿತು. ಹುಕ್ಕೇರಿಯ ಕಡೆಯ ಐದಾರು ಜನ ಶಿಕ್ಷಕರು, ಎಂಜಿನಿಯರುಗಳು ಸೇರಿ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ಮನ್ನು ಕನ್ನಡದಲ್ಲಿ ತಿದ್ದಿ ಸಣ್ಣ ಸಣ್ಣ ಆಫೀಸುಗಳಿಗೆ ಹಾಕಿ ಕೊಡುತ್ತಿದ್ದರು. ದುಡ್ಡಿಲ್ಲ, ಲೈಸೆನ್ಸಿಲ್ಲ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂದು ಕಮಿಟಿಯವರು ಹಾಕಿಸಿಕೊಂಡರು. ನನಗೆ ಮಾತ್ರ ಆವತ್ತಿನಿಂದಲೂ ಒಂದೇ ಪ್ರಶ್ನೆ: ಪುಕ್ಕಟೆ ಕೊಡುವವರಿಗೆ ಇದರಲ್ಲಿ ಏನು ಸಿಗುತ್ತದೆ? ಈಗ ಉತ್ತರ ಸಿಕ್ಕಿತು ಅಂದುಕೊಂಡೆ. ಗುಮಾಸ್ತರನ್ನು ಅಳೆದು ನೋಡಿ, ದಡ್ಡರು ಯಾರು ಎಂದು ಕಮಿಟಿಗೆ ಹೇಳುವುದೇ ಇವರ ಧಂದೆ.

ನಾನು ಮುಚ್ಚಿಡಬೇಕಾದದ್ದು ಏನೆಂದರೆ, ನನ್ನ ಕೆಲಸದ ರೀತಿಯನ್ನೇ. ಒಬ್ಬೊಬ್ಬ ರೈತರಿಗೆ ಒಂದೊಂದು ಫೈಲು. ಆ ಅರವತ್ತೆರಡು ಫೈಲುಗಳನ್ನೂ ನಾನು ಪರದೆಯ ಮೇಲೆಯೇ ಹರಡಿಕೊಂಡಿದ್ದೆ. ಸುಮ್ಮನೆ ಹರಡಿದ್ದಲ್ಲ. ಪರದೆಯ ಮೇಲಿನ ಎಡಮೂಲೆ ಕಾಲುವೆಯ ತೂಬು. ಅಲ್ಲಿಂದ ಇಳಿಯುತ್ತ ಬಂದು, ಕಾಲುವೆ ಎಲ್ಲಿ ತಿರುಗುತ್ತದೋ ಅಲ್ಲಿ ತಿರುಗಿ, ಯಾರ ಹೊಲ ಯಾವ ದಂಡೆಗಿದೆಯೋ ಆ ದಂಡೆಗೇ ಅವರ ಫೈಲು. ಓದು ಬಾರದವರೂ ಟೇಬಲ್ಲಿನ ಮೇಲೆ ಬಗ್ಗಿ, ಗಾಜಿಗೆ ಬೆರಳು ಹಚ್ಚಿ, "ಅಲ್ಲೈತಿ ನೋಡ್ರಿ ನಂದು" ಅನ್ನುತ್ತಿದ್ದರು. ನಮ್ಮ ಸಂಘದಲ್ಲಿ ಮೂವರು ಅಲ್ಲವ್ವಂದಿರಿದ್ದಾರೆ. ಫೈಲಿನ ಹೆಸರು ಅಲ್ಲವ್ವ, ಅಲ್ಲವ್ವ ಒಂದು, ಅಲ್ಲವ್ವ ಎರಡು. ಯಾವ ಅಲ್ಲವ್ವ ಯಾರು ಎಂದು ನನಗೆ ಗೊತ್ತಾಗುತ್ತಿದ್ದದ್ದು ಜಾಗದಿಂದ. ಗಂಡನ ಹೆಸರು, ಸರ್ವೆ ನಂಬರು ಬರೆಯುವ ಗೋಜಿಗೇ ನಾನು ಹೋಗಿರಲಿಲ್ಲ. ಜಾಗವೇ ಬಾಯಿಬಿಟ್ಟು ಹೇಳುವಾಗ ಬರೆಯುವುದು ಯಾಕೆ?

ಆದರೆ ಕಮಿಟಿಯ ಮೆಂಬರ ಗಜಾನನ ಒಮ್ಮೆ ನನ್ನ ಪರದೆ ನೋಡಿ, "ಏನ್ರಿ ಇದು, ಕೋಳಿಗೆ ಕಾಳ ಒಗದಂಗ ಒಗದೀರಿ" ಎಂದು ನಕ್ಕಿದ್ದ. ಆ ನಗು ನನ್ನ ಹೊಟ್ಟೆಯಲ್ಲಿ ಉಳಿದಿತ್ತು. ಹುಕ್ಕೇರಿಯವರು ಇದನ್ನು ನೋಡಿದರೆ ನನ್ನ ಕಾಗದಕ್ಕೆ ಸಹಿ ಬಿದ್ದ ಹಾಗೆಯೇ!

ಅವರು ಬರುವ ಹಿಂದಿನ ದಿನ ಅರವತ್ತೆರಡು ಫೈಲನ್ನೂ ಬಳಿದು ಒಂದು ಫೋಲ್ಡರಿಗೆ ತುಂಬಿದೆ. ಗಾಜಿನ ಮೇಲಿನ ಬೆರಳ ಗುರುತನ್ನೆಲ್ಲ ಒರೆಸಿದೆ. ಇಬ್ಬರಿಗಿಲ್ಲದ, ಒಬ್ಬೊಬ್ಬರಿಗೇ ಇರುವ ಮೂರು ಹೆಸರು ಆರಿಸಿಕೊಂಡು, ಅವನ್ನು ಟೈಪ್ ಮಾಡಿ ಹುಡುಕಿ ಚೀಟಿ ತೆಗೆಯುವುದನ್ನು ಹತ್ತು ಸಲ ರೂಢಿ ಮಾಡಿಕೊಂಡೆ. ಕನ್ಯೆ ನೋಡಲು ಬರುವವರಿಗಾಗಿ ಮನೆ ಸಾರಿಸುವುದಿಲ್ಲವೇ, ಹಾಗೆ.

ಬಂದವಳ ಹೆಸರು ದಾನೇಶ್ವರಿ. ಹುಕ್ಕೇರಿಯಲ್ಲಿ ಕಂಪ್ಯೂಟರ್ ಕಲಿಸುವವಳು, ಮೂವತ್ತರ ಒಳಗಿನ ವಯಸ್ಸು. ಕುರ್ಚಿ ಎಳೆದು ನನ್ನ ಹಿಂದೆ ಹಾಕಿಕೊಂಡಳು.

"ನೀವು ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ ಅಕ್ಕಾರ. ನಾ ಸುಮ್ನ ಕುಂತು ನೋಡ್ತೇನಿ. ನಡುವ ಎಲ್ಲೆರ ಸಿಕ್ಕೊಂಡ್ರ ನಾ ಹೇಳಿಕೊಡಂಗಿಲ್ಲ, ಸಿಟ್ಟಾಗಬ್ಯಾಡ್ರಿ."

ಹೇಳಿಕೊಡುವುದಿಲ್ಲವಂತೆ! ಬಾವಿಗೆ ಬಿದ್ದವರನ್ನು ದಂಡೆಯ ಮೇಲೆ ನಿಂತು ನೋಡುವ ಜಾತಿ ಇದು ಎಂದು ಮನಸ್ಸಿನಲ್ಲೇ ಬೈದೆ. ಮೂರೂ ಚೀಟಿಯನ್ನು ಸರಸರ ತೆಗೆದು ಟೇಬಲ್ಲಿಗಿಟ್ಟೆ. ಹಿಂದಿನಿಂದ ಪೆನ್ನಿನ ಸಪ್ಪಳ ಸ್ವಲ್ಪ ಕೇಳಿ ನಿಂತಿತು.

"ಬಾಳ ಚೊಕ್ಕ ಐತ್ರಿ ನಿಮ್ಮ ಸ್ಕ್ರೀನ್. ಏನೂ ಇಟ್ಟಿಲ್ಲ ಅದರ ಮ್ಯಾಲ."

"ನನಗ ಕಸಾ ಸೇರಂಗಿಲ್ರಿ," ಅಂದೆ.

ಚಹಾ ಕುಡಿದು ಅವಳು ಬಸ್ಸು ಹತ್ತಿದಳು. ನಾನು ಅರ್ಧ ದಿನ ಕೂತು ಫೈಲುಗಳನ್ನೆಲ್ಲ ಮತ್ತೆ ಕಾಲುವೆಯ ಗುಂಟ ಹಚ್ಚಿದೆ. ಗೆದ್ದೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗಿತ್ತು.

ಫೆಬ್ರುವರಿಯ ಮೊದಲ ವಾರ ಅವಳು ಪೆನ್‌ಡ್ರೈವ್ ಹಿಡಿದು ಮತ್ತೆ ಬಂದಳು. ಮುಂಚೆ ತಿಳಿಸಿರಲಿಲ್ಲ. ಅವಳು ಒಳಗೆ ಬಂದದ್ದು ಕಂಡು ನಾನು ಗಡಿಬಿಡಿಯಲ್ಲಿ ಮಶೀನು ಬಂದ್ ಮಾಡಿದೆ. ಹೊಸ ಸಿಸ್ಟಮ್ ಹಾಕಿ ಅವಳೇ ಚಾಲೂ ಮಾಡಿದಳು. ಅಕ್ಷರ ದೊಡ್ಡವಾಗಿದ್ದವು, ಬಟನ್ನುಗಳು ಕಣ್ಣಿಗೆ ಕಾಣುವಂತಿದ್ದವು, ಹಸಿರು ಹೊಲದ ಚಿತ್ರ ಪರದೆ ತುಂಬ ಹರಡಿತ್ತು. ಹೊಲದ ಮೇಲೆ ನನ್ನ ಒಂದು ಫೈಲೂ ಇರಲಿಲ್ಲ.

"ನನ್ನ ಫೈಲ್ ಎಲ್ಲಿ ಹೋದುವ್ರಿ?"

"ಎಲ್ಲಾ ಒಂದ ಫೋಲ್ಡರಿನ್ಯಾಗ ಅದಾವ್ರಿ, ಹೆಸರಿನ ಪ್ರಕಾರ ಸಾಲಾಗಿ. ಸ್ಕ್ರೀನ್ ಮ್ಯಾಲ ಏನೂ ಇಡೂದ ಬ್ಯಾಡ ಅಂತ ಆ ಸವಲತ್ತನ್ನ ತಗದೇವಿ. ನೀವು ಚೊಕ್ಕ ಇಟ್ಟದ್ದು ನಮ್ಮವರಿಗೆಲ್ಲಾ ಬಾಳ ಹಿಡಸ್ತು ಅಕ್ಕಾರ. ಏನಾರ ತ್ರಾಸ ಆಗ್ತೈತೇನ್ರಿ ಇದರಿಂದ?"

ಕೈಯಲ್ಲಿ ಆ ನೋಟಬುಕ್ಕು ಬಿಚ್ಚಿಯೇ ಇತ್ತು. ತ್ರಾಸ ಎಂದರೆ ಬರೆದುಕೊಳ್ಳುತ್ತಾಳೆ, ಬರೆದುಕೊಂಡದ್ದು ಕಾಕಾನ ಕೈಗೆ ಹೋಗುತ್ತದೆ. ಬೇಕೆಂತಲೇ ತೆಗೆದಿರಬೇಕು, ನಾನು ಬೀಳುವುದನ್ನು ನೋಡಲು.

"ಏನೂ ತ್ರಾಸಿಲ್ರಿ," ಅಂದೆ.

ಮುಂದಿನ ಸೋಮವಾರ ಚೀಟಿಯ ದಿನ. ಬಾಗಿಲ ತನಕ ಸಾಲು. ಕಾಲುವೆಯ ಕಟ್ಟಕಡೆಯ ಹೊಲದ, ಓದು ಬಾರದ ಮುದುಕಿ ಅಲ್ಲವ್ವ ಆಯಿ ಬಂದು ಎಂದಿನ ಹಾಗೆ ಬಗ್ಗಿ, ಪರದೆಯ ಬಲಮೂಲೆಗೆ ಬೆರಳು ಹಚ್ಚಿದಳು. ಅಲ್ಲಿ ಬರೀ ಹಸಿರು ಹುಲ್ಲು.

"ಯವ್ವಾ, ನನ್ನ ಹೊಲಾ ಎಲ್ಲಿ ಹೋತ?"

"ಒಳಗ ಐತಿ ಆಯಿ, ಸ್ವಲ್ಪ ಸರದ ನಿಲ್ಲು," ಎಂದು ಗದರಿದೆ. ಫೋಲ್ಡರಿನಲ್ಲಿ ಮೂವರು ಅಲ್ಲವ್ವಂದಿರು ಒಬ್ಬರ ಕೆಳಗೊಬ್ಬರು ನಿಂತಿದ್ದರು. ಹಿಂದಿನವರು ಅವಸರ ಮಾಡುತ್ತಿದ್ದರು. ಆಯಿಯದು ‘ಅಲ್ಲವ್ವ ಎರಡು’ ಇರಬೇಕು ಎಂದು ಒತ್ತಿದೆ. ಗುರುವಾರ ಬೆಳಿಗ್ಗೆ ಎಂಟು ಗಂಟೆ ಎಂದು ಚೀಟಿ ಬಂತು. ಕೊಟ್ಟೆ.

ಅವಳ ಪಾಳಿ ಇದ್ದದ್ದು ಮಂಗಳವಾರ. ಮಂಗಳವಾರ ಅವಳು ಮನೆಯಲ್ಲಿ ಕೂತಳು. ಹರಿದು ಬಂದ ನೀರನ್ನು ಬಾಜೂ ಹೊಲದ ಉದ್ದಪ್ಪ ತಿರುಗಿಸಿಕೊಂಡ. ಗುರುವಾರ ಅಲ್ಲವ್ವ ಸಲಿಕೆ ಹೊತ್ತು ಹೋದರೆ, ಅದೇ ಹೊತ್ತಿನ ಚೀಟಿ ಹಿಡಿದು ಮೇಲಿನ ದಂಡೆಯ ಇನ್ನೊಬ್ಬ ಅಲ್ಲವ್ವ ನಿಂತಿದ್ದಳು. ಮುಂದಿನ ಪಾಳಿಗೆ ಹನ್ನೆರಡು ದಿನ. ಅಷ್ಟರಲ್ಲಿ ಆಯಿಯ ಅರ್ಧ ಎಕರೆ ಗೋವಿನಜೋಳ ಸುರುಳಿ ಸುತ್ತಿಕೊಂಡಿತು.

ಊರ ಬಾಯಿಗೆ ಮುಚ್ಚಳ ಇಲ್ಲ. "ವಿಜಯಲಕ್ಷ್ಮಿ ಬಾಯಾರು ಉದ್ದಪ್ಪಗ ಪಾಳಿ ಮಾರಿಕೊಂಡಾರ. ಅದಕ್ಕ ಎಲ್ಲಾರ ಹೊಲಾನೂ ಸ್ಕ್ರೀನ್ ಮ್ಯಾಲಿಂದ ಅಳಿಸ್ಯಾರ" ಎಂದು ಚಹಾದಂಗಡಿಯಲ್ಲಿ ಮಾತು. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಚೀಟಿ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಖವನ್ನೂ ಹಾಗೆಯೇ ನೋಡಿ ಹೋಗುತ್ತಿದ್ದರು. ಜೀವಮಾನವಿಡೀ ಬೇರೆಯವರನ್ನು ಅನುಮಾನಿಸಿದವಳು ನಾನು. ಅನುಮಾನದ ಕಣ್ಣು ಇಷ್ಟು ಚುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾರ್ಚಿನ ಮೊದಲ ಶನಿವಾರ ಕಮಿಟಿ ಕೂಡಿತು. ಟೇಬಲ್ಲಿನ ಮೇಲೆ ನನ್ನ ಮುಂದಿನ ವರ್ಷದ ಕಾಗದ, ವೀರಪ್ಪ ಕಾಕಾನ ಪೆನ್ನು. ಅಲ್ಲವ್ವ ಆಯಿಯನ್ನು ಕರೆಸಿದ್ದರು. ದಾನೇಶ್ವರಿಯನ್ನೂ ಕರೆಸಿದ್ದರು.

ಗಜಾನನ ಶುರು ಮಾಡಿದ. "ಪುಕ್ಕಟ ತಂದ್ರ ಹಿಂಗ ಆಗೂದು. ಇವರದನ್ನ ಕಿತ್ತ ಒಗೀರಿ. ಇಲ್ಲಾ, ಇಕಿನ್ನ ಕಿತ್ತ ಒಗೀರಿ. ಇಬ್ಬರೊಳಗ ಒಬ್ಬರದಂತೂ ತಪ್ಪೈತಿ."

ದಾನೇಶ್ವರಿ ಎದ್ದು ತನ್ನ ನೋಟಬುಕ್ಕನ್ನು ಬಿಚ್ಚಿ ಕಾಕಾನ ಮುಂದೆ ಇಟ್ಟಳು. ನಾನು ಕತ್ತು ಚಾಚಿದೆ. ಎರಡು ತಿಂಗಳಿಂದ ಅದರಲ್ಲಿ ಏನಿದೆ ಎಂದು ನಿದ್ದೆಗೆಟ್ಟವಳು ನಾನು.

ಯಾರ ಹೆಸರೂ ಇರಲಿಲ್ಲ. ಯಮಕನಮರಡಿ, ಟ್ರಾನ್ಸ್‌ಪೋರ್ಟ್ ಆಫೀಸು ಎಂದು ಒಂದು ಪುಟ. "ಪ್ರಿಂಟ್ ಬಟನ್ ಸಿಗಲಿಲ್ಲ, ಮೂರು ಸಲ ಹುಡುಕಿದರು. ನಮ್ಮ ತಪ್ಪು." ಗೋಕಾಕ ಫಾಲ್ಸ್, ವಾಚನಾಲಯ. "ಅಕ್ಷರ ಸಣ್ಣದು, ಕನ್ನಡಕ ತೆಗೆದು ಹಾಕಿ ಮಾಡಿದರು. ನಮ್ಮ ತಪ್ಪು." ಪುಟದ ತುಂಬ ಹೀಗೆ, ಸಾಲಿಗೊಂದು ನಮ್ಮ ತಪ್ಪು. ಕೊನೆಗೆ ನಮ್ಮ ಸಂಘದ ಪುಟ. ಎರಡೇ ಸಾಲು ಇದ್ದವು. "ಪರದೆ ಖಾಲಿ ಇಡುತ್ತಾರೆ. ಎಲ್ಲ ಸರಾಗ, ತಿದ್ದುವುದು ಏನೂ ಇಲ್ಲ." ಉಳಿದ ಪುಟ ಬೆಳ್ಳಗಿತ್ತು.

"ಅಕ್ಕಾರದು ಏನೂ ತಪ್ಪಿಲ್ರಿ," ದಾನೇಶ್ವರಿ ಹೇಳಿದಳು. "ಸ್ಕ್ರೀನ್ ಮ್ಯಾಲ ಫೈಲ್ ಇಡೂದನ್ನ ತಗದವರು ನಾವು. ಅವರು ಗೊಂದಲ ಆದ್ರು ಅಂದ್ರ ಅದು ನಮ್ಮ ತಪ್ಪ. ಬ್ಯಾಡಂದ್ರ ಇವತ್ತ ನಮ್ಮ ಸಿಸ್ಟಮ್ ತಗೊಂಡ ಹೋಗ್ತೇನಿ."

"ಮುಗೀತಲ್ಲ," ಎಂದು ಕಾಕಾ ಪೆನ್ನು ತೆಗೆದುಕೊಂಡು ನನ್ನ ಕಾಗದವನ್ನು ಹತ್ತಿರ ಎಳೆದುಕೊಂಡರು.

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗಿತ್ತು. ಪೆನ್ನು ಕಾಗದ ಮುಟ್ಟಲು ಎರಡು ಬೆರಳಿನ ಅಂತರ. ಆದರೆ ಆ ಬೆಳ್ಳಗಿನ ಪುಟ ನೋಡಿ ನನಗೆ ಎಂಥ ನಾಚಿಕೆಯಾಯಿತೆಂದರೆ, ಕೂತಲ್ಲಿ ಕೂಡಲಾಗಲಿಲ್ಲ.

"ತಡೀರಿ ಕಾಕಾ. ನಾ ಸುಳ್ಳ ತೋರಿಸೇನಿ," ಎಂದೆ. "ನನ್ನ ಸ್ಕ್ರೀನ್ ಎಂದೂ ಖಾಲಿ ಇರಲಿಲ್ಲ. ಕಾಲವಿ ಹೆಂಗೈತಿ ಹಂಗ ಫೈಲ್ ಹಚ್ಚಿದ್ದೆ. ಇವರು ನನ್ನ ತಪ್ಪ ಹುಡಕಾಕ ಬಂದಾರ ಅಂತ ತಿಳಕೊಂಡ ಎಲ್ಲಾ ಮುಚ್ಚಿಟ್ಟೆ. ಮುಚ್ಚಿಟ್ಟದ್ದನ್ನ ಇವರು ಖರೆ ಅಂತ ನಂಬ್ಯಾರ. ಆಯಿ ನೀರ ಕಳದಾಕಿ ನಾನ."

ದಾನೇಶ್ವರಿ ನನ್ನತ್ತ ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ, ಪೆಟ್ಟು ತಿಂದವಳ ನೋಟ ಅದು. ಕಾಕಾ ಪೆನ್ನು ಕೆಳಗಿಟ್ಟು ಅಲ್ಲವ್ವ ಆಯಿಯ ಕಡೆ ತಿರುಗಿದರು.

"ಲುಕ್ಸಾನ ಆಗಿದ್ದು ನಿಂದವ್ವಾ. ನೀನ ಹೇಳು. ಇಕಿನ್ನ ಇಟ್ಟಕೊಳ್ಳೂನೋ, ಬಿಡೂನೋ?"

ಆಯಿ ಸೆರಗು ಸರಿ ಮಾಡಿಕೊಂಡು ನನ್ನತ್ತ ಕೈ ಮಾಡಿದಳು.

"ತಿಳೀವಲ್ದು ಅಂತ ಒಂದ ಮಾತ ಅಂದಿದ್ರ ನಾನ ಬಾಜೂ ಕುಂತ ತೋರಸ್ತಿದ್ನಲ್ಲ ಇಕಿಗೆ. ನನ್ನ ಗದರಿಸಿದ್ಲು," ಎಂದಳು. ಆಮೇಲೆ ಕಾಕಾನಿಗೆ, "ಇರಲಿ ಬಿಡ್ರಿ. ಹೊಸಾಕಿನ್ನ ತಂದ್ರ ಆಕಿ ಎಲ್ಲೆಲ್ಲಿ ಸುಳ್ಳ ಹೇಳ್ತಾಳ ಅಂತ ಮತ್ತ ಕಲೀಬೇಕು. ಇಕೀದು ಗೊತ್ತಾಗೇತಿ."

ಗಜಾನನ ಹೋ ಎಂದು ನಕ್ಕ. ಉಳಿದವರೂ ನಕ್ಕರು. ಕಾಕಾ ಸಹಿ ಮಾಡಿದರು.

ದಾನೇಶ್ವರಿ ಅದೇ ದಿನ ಸಂಜೆಯ ತನಕ ನನ್ನ ಹಿಂದೆ ಕೂತಳು. ನಾನು ತಡವರಿಸಿದ್ದು, ಬೈದದ್ದು, ಹುಡುಕಿ ಸೋತದ್ದು ಎಲ್ಲ ಬರೆದುಕೊಂಡಳು. ನಾಲ್ಕು ಪುಟ ತುಂಬಿತು. ಏಪ್ರಿಲಿನ ಹೊತ್ತಿಗೆ ಬಂದ ಸಿಸ್ಟಮ್ಮಿನಲ್ಲಿ ಫೈಲುಗಳನ್ನು ಪರದೆಯ ಮೇಲೆ ಬೇಕಾದ ಜಾಗದಲ್ಲಿ ಇಡಬಹುದು, ಇಟ್ಟದ್ದು ಅಲ್ಲಾಡುವುದಿಲ್ಲ, ಹಿಂದಿನ ಚಿತ್ರದಲ್ಲಿ ಕಾಲುವೆಯ ಗೆರೆಯನ್ನೂ ಎಳೆದುಕೊಳ್ಳಬಹುದು. ಒಂದೇ ಹೆಸರಿನವು ಎರಡಿದ್ದರೆ ಯಾವುದು ಎಂದು ಕೇಳಿಯೇ ಮುಂದೆ ಹೋಗುತ್ತದೆ. ಅದನ್ನು ಈಗ ಬೇರೆ ಊರಿನ ಸಂಘದವರೂ ಬಳಸುತ್ತಾರಂತೆ. ದಾನೇಶ್ವರಿ ಹೇಳಿದಳು. ನಂಬಿದೆ.

ಚೀಟಿಯೂ ತಪ್ಪುವುದಿಲ್ಲ. ಸೋಮವಾರ ಅಲ್ಲವ್ವ ಆಯಿ ಬರುತ್ತಾಳೆ, ತನ್ನ ಹೊಲ ತೋರಿಸುತ್ತಾಳೆ, ನಾನು ಚೀಟಿ ತೆಗೆದು ದಿನ, ಹೊತ್ತು ಬಾಯಿಬಿಟ್ಟು ಓದಿ ಹೇಳಿ ಕೈಗೆ ಕೊಡುತ್ತೇನೆ. ಹೂಂ ಅನ್ನುತ್ತಾಳೆ. ಆಮೇಲೆ ನೆಟ್ಟಗೆ ಮನೆಗೆ ಹೋಗುವುದಿಲ್ಲ. ಹೊಸಿಲ ಹೊರಗೆ ನಿಂತು, ಓದು ಬಲ್ಲವರು ಯಾರಾದರೂ ಬರುವ ತನಕ ಕಾದು, ಚೀಟಿಯನ್ನು ಅವರ ಕೈಯಿಂದ ಇನ್ನೊಮ್ಮೆ ಓದಿಸಿಕೊಳ್ಳುತ್ತಾಳೆ. ಅವರು ಓದುವುದು ನನಗೆ ಒಳಗೆ ಕೂತಲ್ಲಿಗೆ ಕೇಳಿಸುತ್ತದೆ. ಓದಿ ಮುಗಿಯುವ ತನಕ ನಾನು ಮುಂದಿನವರನ್ನು ಕರೆಯುವುದಿಲ್ಲ.